ಗೆರೆಯ ಹಿಂದೆ ಹೆಬ್ಬೆರಳು

ಹಾರ್ನ್, ಮತ್ತೆ ಹಾರ್ನ್, ಹಾಸನದ ಕ್ರೀಡಾಂಗಣವೋ ಬಸ್‌ ಸ್ಟ್ಯಾಂಡೋ ಇದು, ಮುಖ್ಯ ಅತಿಥಿಯ ಕಾರನ್ನು ಟ್ರ್ಯಾಕಿನ ಮೇಲೇ ತಿರುಗಿಸುತ್ತಿದ್ದಾರೆ, ದಿಲೀಪ ಅಲ್ಲಾಡಲಿಲ್ಲ, ಶಭಾಷ್ ಕಣೋ — ಅರಕಲಗೂಡಿನ ಬಯಲಲ್ಲಿ ಅಭ್ಯಾಸ ಮಾಡಿಸುವಾಗ ಬಸ್ಸಿನ ಹಾರ್ನ್ ಕೇಳಿದರೂ ಓಟ ಕೀಳುತ್ತಿದ್ದ, ಸೀಟಿ ಊದುವವರೆಗೆ ನಿಲ್ಲಬೇಕು, ಹೆಬ್ಬೆರಳು ಸುಣ್ಣದ ಗೆರೆ ಮುಟ್ಟಬಾರದು ಎಂದು ಕೂಗಿ ಕೂಗಿ ನನ್ನ ಗಂಟಲು ಹರಿದುಹೋಗಿತ್ತು, ಕಲಿತ, ಮೀಸೆ ಬಂದ ಆಳು, ಬುದ್ಧಿ ನಿಧಾನ, ಕಾಲು ಚುರುಕು, ನಾನು ಕೊಡಿಸಿದ ಬೂಟು ಕಚ್ಚುತ್ತದೆಂದು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತಿದ್ದಾನೆ, ಹೆಬ್ಬೆರಳು ಗೆರೆಯ ಹಿಂದೆ. ಓಟವನ್ನೇ ರದ್ದು ಮಾಡಿದರಲ್ಲ, ಹಾಳಾದವರು. ಆ ಮುಖ್ಯ ಅತಿಥಿಯ ಮುಗಿಯದ ಭಾಷಣ, ದೇವರ ಮಕ್ಕಳು, ದೇವರ ಮಕ್ಕಳು — ದೇವರ ಮಕ್ಕಳಿಗೆ ಗೆಲ್ಲುವ ಆಸೆ ಇರುವುದಿಲ್ಲವೇನು? — ಆಮೇಲೆ ಗಡಿಯಾರ ನೋಡಿಕೊಂಡು, ರಾಜೀಮತಿ ಮೇಡಮ್ಮೋರೆ, ನಂಗೆ ಒಳೆನರಸೀಪುರದಲ್ಲಿ ಮದ್ವೆ ಐತೆ, ಓಟಗೀಟ ಯಾಕೆ, ಪಾಪ, ಇವಕ್ಕೇನ್ ಗೊತ್ತಾಯ್ತದೆ, ಎಲ್ರಿಗೂ ಒಂದೊಂದು ಪದಕ ಆಕ್ಬುಡವ. ಇವಕ್ಕಂತೆ, ದನಕರುಗಳಿಗೆ ಹೇಳಿದ ಹಾಗೆ! ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ಲಾಭವನ್ನೆಲ್ಲ ಈ ಮಕ್ಕಳ ಆಟಕ್ಕೆ ಸುರಿದವಳು ನಾನು, ಅವನ ಹೆಗಲಿಗೆ ಶಾಲು ಹೊದಿಸಿದವಳೂ ನಾನೇ, ಮುಂದಿನ ವರ್ಷವೂ ಮೈದಾನ ಬೇಕಲ್ಲ, ಹಲ್ಲು ಕಚ್ಚಿಕೊಂಡು ಕೈಮುಗಿದೆ, ಆಗಲಿ ಸಾರ್ ಅಂದೆ, ಥೂ.

ನಮ್ಮ ವಿಮಲನಿಗೂ ಇದೇ ಮಾಡಿದರು, ನನ್ನ ತಮ್ಮ, ಅವನೂ ದಿಲೀಪನ ಹಾಗೇ, ಚೌಕಾಬಾರದಲ್ಲಿ ಮನೆಮಂದಿಯೆಲ್ಲ ಬೇಕೆಂದೇ ಸೋತು ಚಪ್ಪಾಳೆ ತಟ್ಟುತ್ತಿದ್ದರು, ಅವನಿಗೆ ಗೊತ್ತಾಗುತ್ತಿತ್ತು, ಕವಡೆ ಎಸೆದು ಸುಳ್ಳಾಟ ಸುಳ್ಳಾಟ ಎಂದು ಅಳುತ್ತಿದ್ದ, ಗೊತ್ತಾಗುವುದಿಲ್ಲವಂತೆ, ಗೊತ್ತಾಗದಿರುವುದು ಯಾರಿಗೆ? ದಿಲೀಪ ಕೊರಳಿಗೆ ಬಿದ್ದ ಪದಕ ಬಿಚ್ಚಿ ನನ್ನ ಕೈಗಿಟ್ಟ, ನಾನಿನ್ನೂ ಓಡೇ ಇಲ್ವಲ್ಲಕ್ಕಾ, ಅಷ್ಟೇ ಹೇಳಿ ಹೋಗಿ ನಿಂತ. ಅವನ ತಾಯಿ ನಾಗಲಕ್ಷ್ಮಿ ತೋಳು ಜಗ್ಗುತ್ತಿದ್ದಾಳೆ, ಬಾ ಮಗ, ಎಲ್ರೂ ಊಟಕ್ಕೆ ಕುಂತವ್ರೆ, ಅನ್ನ ಆರೋಯ್ತದೆ ಕಣ್ಲಾ, ಅವನು ಅವಳತ್ತ ತಿರುಗುವುದಿಲ್ಲ, ನನ್ನ ಬಾಯನ್ನೇ ನೋಡುತ್ತಾನೆ, ಸೀಟಿಯನ್ನು. ಕಾರು ಹೋಯಿತು, ಟ್ರ್ಯಾಕು ಖಾಲಿ, ಜೊತೆಗೆ ಓಡಬೇಕಾದವರು ಕೊರಳಲ್ಲಿ ಪದಕ ಹಾಕಿಕೊಂಡು ಉಣ್ಣುತ್ತಿದ್ದಾರೆ, ಊದಲೇ? ಊದಿದರೆ ಒಬ್ಬನೇ ಓಡುತ್ತಾನೆ, ಒಬ್ಬನೇ ಗೆಲ್ಲುತ್ತಾನೆ, ನಾನೂ ಚಪ್ಪಾಳೆ ತಟ್ಟಬೇಕು, ಮತ್ತೆ ಸುಳ್ಳಾಟ, ಊದದಿದ್ದರೆ — ಸೀಟಿ ಹಲ್ಲಿನ ನಡುವೆ, ಉಸಿರು ಎದೆಯಲ್ಲೇ, ಬಿಸಿಲು, ಸುಣ್ಣ, ಊದದಿದ್ದರೆ — ಹೆಬ್ಬೆರಳು, ಗೆರೆಯ ಹಿಂದೆ.