ದಾರಿಯ ಬಾಯಿಗೆ ಬಿದ್ದ ಹಿಮ

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಬೀಸಿತೆಂದರೆ ನಮ್ಮೂರಿಗೆ ಹಿಮ ತಪ್ಪಿದ್ದಲ್ಲ. ನಾವು ಬೆವರು ಸುರಿಸಿ ಅಂಗಳದಿಂದ ಬೀದಿಯವರೆಗೆ ಕಾರಿನ ದಾರಿ ಬಿಡಿಸಿ, ಉಸ್ಸಪ್ಪಾ ಎಂದು ಕಾಫಿಗೆ ಕೂರುವಷ್ಟರಲ್ಲಿ ಊರಿನ ಹಿಮದ ಲಾರಿ ಬರುತ್ತದೆ. ಬೀದಿಯ ಹಿಮವನ್ನೆಲ್ಲ ತಳ್ಳಿ ತಂದು ನಮ್ಮ ದಾರಿಯ ಬಾಯಿಗೆ ತುರುಕಿ ಹೋಗುತ್ತದೆ. ಅದೇನು ಹಗುರವೇ? ನೀರು ಕುಡಿದು ಕಲ್ಲಾದ ಮುದ್ದೆ!

ಆ ದಿನ ಬೆಳಗ್ಗೆ ರೇನೊ ಕಂಗಾಸ್ ಸಲಿಕೆ ಹಿಡಿದು ಹೊರಟ. ಹೋದ ಬೇಸಿಗೆಯಲ್ಲಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವನು. ಹೆಂಡತಿ ಲೆಂಪಿ ಬಾಗಿಲಿಗೆ ಅಡ್ಡ ನಿಂತಳು.

"ಭಾರ ಎತ್ತಬೇಡ ಅಂತ ಡಾಕ್ಟ್ರು ಹೇಳಿಲ್ವಾ? ಕೂಲಿಗೆ ಹಿಮ ತೆಗೆಯೋ ಗಾಡಿಯವನನ್ನ ಕರೆಯೋಣ. ಬಂದು ತಳ್ಳಿ ಹೋಗ್ತಾನೆ."

"ಕೂಲಿ ಕೊಟ್ಟು ಹಿಮ ತೆಗೆಸೋದಾ? ಊರಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ? ಸಿಸು ಅಂತ ಒಂದಿದೆ, ಮರೆತ್ಯಾ?"

ಸಿಸು ಎಂದರೆ ಫಿನ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಫಿನ್ನಿಶ್ ಜನರ ಹಟ, ಛಲ. ಆ ಪದ ಬಾಯಿಗೆ ಬಂದಮೇಲೆ ನಮ್ಮ ಗಂಡಸರಿಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ರೇನೊ ಹೋಗೇಬಿಟ್ಟ.

ಒಂದಿಷ್ಟು ಎತ್ತಿ ಎಸೆದವನು ನಿಂತು ದವಡೆ ಉಜ್ಜಿಕೊಳ್ಳತೊಡಗಿದ. ಆ ಚಳಿಯಲ್ಲೂ ಹಣೆಯ ತುಂಬ ಬೆವರು. ಎದುರುಮನೆಯ ಹೆಲ್ಮಿ ಅವನ ಜೊತೆ ಶಾಲೆಗೆ ಹೋದವಳು, ನರ್ಸ್ ಆಗಿ ನಿವೃತ್ತಳಾದವಳು. ಕಿಟಕಿಯಿಂದ ನೋಡಿ ಓಡಿ ಬಂದಳು.

"ಸಲಿಕೆ ಕೆಳಗಿಡೋ!"

"ಏನಿಲ್ಲ ಕಣೇ, ಹಲ್ಲುನೋವು."

"ಬಾಯಲ್ಲಿರೋದೆಲ್ಲ ಕಟ್ಟಿಸಿದ ಹಲ್ಲು! ಅದಕ್ಕೆಂಥ ನೋವೋ ನಿನ್ನ ತಲೆ! ಲೆಂಪಿ, ಆಂಬುಲೆನ್ಸ್‌ಗೆ ಫೋನ್ ಮಾಡೇ!"

ಆ ದವಡೆನೋವು ಹೃದಯಾಘಾತದ್ದು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ್ದರಿಂದ ರೇನೊ ಬದುಕಿದ. ಮನೆಗೆ ಬಂದ ಮೇಲೂ ಮುಖ ಊದಿಸಿಕೊಂಡೇ ಕೂತಿದ್ದ. ನೋಡಲು ಬಂದ ಹೆಲ್ಮಿಯ ಮುಂದೆ ಗೊಣಗಿದ: "ನನ್ನ ಹಿಮಾನ ಬೇರೆಯವರು ತೆಗೆದ್ರೆ ಮಾನ ಎಲ್ಲಿ ಉಳೀತು?"

"ಪಕ್ಕದ್ಮನೆ ಇಂಪಿಯಜ್ಜಿ ದಾರಿ ಇಷ್ಟು ವರ್ಷ ಯಾರು ಬಿಡಿಸಿದ್ದು?"

"ನಾನೇ."

"ಹಾಗಾದ್ರೆ ಅಜ್ಜಿ ಮಾನ ಹೋಯ್ತಾ?"

"ಛೆ ಛೆ! ಪಾಪ, ಆಯಮ್ಮನ ಕೈಲಾಗಲ್ಲ. ಅದರಲ್ಲಿ ಮಾನ ಹೋಗೋದೇನು ಬಂತು?" ಎಂದ ರೇನೊಗೆ ತಾನಾಡಿದ ಮಾತು ತನಗೇ ತಿರುಗಿ ಕೇಳಿಸಿತು.

ಲೆಂಪಿಗೆ ಅಳು ಉಕ್ಕಿತು. "ದಾರಿ ಮುಚ್ಚಿದ್ರೆ ಮುಚ್ಕೊಳ್ಳಲಿ. ನನಗೆ ನೀನು ಬೇಕು ಕಣೋ."

ರೇನೊ ಕೈ ಚಾಚಿದ. "ಫೋನ್ ಕೊಡಿಲ್ಲಿ. ಗಾಡಿಯವನು ನಮ್ಮದೂ ಮಾಡ್ಲಿ, ಅಜ್ಜೀದೂ ಮಾಡ್ಲಿ."

ಬಂಧುಗಳೇ, ಮೈಯಲ್ಲಿ ಕಸುವಿದ್ದರೆ ನಿಮ್ಮ ಹಿಮ ನೀವೇ ತೆಗೆಯಿರಿ, ಬೇಡ ಅಂದವರಾರು? ಹಿಮ ಗಟ್ಟಿಯಾಗುವ ಮೊದಲೇ ಶುರುಮಾಡಿ. ಎತ್ತಿ ಎಸೆಯಬೇಡಿ, ತಳ್ಳಿ. ನಡುನಡುವೆ ಕೂತು ಸುಧಾರಿಸಿಕೊಳ್ಳಿ. ಎದೆ, ತೋಳು, ದವಡೆ ನೋಯಲಿ, ಉಸಿರು ಕಟ್ಟಲಿ, ತಕ್ಷಣ ನಿಲ್ಲಿಸಿ ಆಂಬುಲೆನ್ಸ್ ಕರೆಯಿರಿ. ಹೃದಯದ ಕಾಯಿಲೆ ಇದ್ದವರು, ವಯಸ್ಸಾದವರು, ಮೈ ಬಗ್ಗಿಸಿ ರೂಢಿ ಇಲ್ಲದವರು ಸಲಿಕೆ ಮುಟ್ಟಲೇಬೇಡಿ. ಹಿಮ ಬೀಳುವ ಮುಂಚೆಯೇ ಗಾಡಿಯವನಿಗೆ ಹೇಳಿಡಿ. ಮಾನ ಎಲ್ಲಿಗೂ ಹೋಗುವುದಿಲ್ಲ. ನೀವೂ ಹೋಗಬೇಡಿ.