ರಾಜ ಮರೆತ ಮಾತು

ನನ್ನ ಕಾಲಿಗೆ ಚಕ್ರ ಇದೆ ಅನ್ನುವುದು ಮನೆಯಲ್ಲೂ ಕಚೇರಿಯಲ್ಲೂ ಒಂದೇ ದೂರು. ಅಂಥವಳಿಗೆ ಇಷ್ಟು ದೊಡ್ಡ ಗ್ರಂಥಾಲಯದಲ್ಲಿ ದಿನವಿಡೀ ಕೂತು ಮಾಡುವ ಕೆಲಸವೇ ಸಿಗಬೇಕೆ? ಸಾಹಿತ್ಯ ಮತ್ತು ರಂಗಭೂಮಿ ವಿಭಾಗದ ಧ್ವನಿ ಕೊಠಡಿ ನನ್ನದು. ಕವಿಗಳು ಓದಿದ ಟೇಪುಗಳು, ಮುಚ್ಚಿಹೋದ ನಾಟಕ ಕಂಪನಿಗಳ ಟೇಪುಗಳು, ಇವುಗಳಿಂದ ಕೆಮ್ಮು, ಕುರ್ಚಿ ಕಿರುಗುಟ್ಟುವುದು, ಫ್ಯಾನಿನ ಗುಂಯ್ ಎಲ್ಲ ತೆಗೆದು, ಓದುಗರು ಹೆಡ್‌ಫೋನ್ ಹಾಕಿಕೊಂಡು ಕೇಳುವಂಥ ಪ್ರತಿ ಮಾಡಿಕೊಡುತ್ತೇನೆ. ಸಹೋದ್ಯೋಗಿಗಳು ನನಗಿಟ್ಟ ಹೆಸರು ಜರಡಿ. ಜರಡಿಯಲ್ಲಿ ಕೊನೆಗೆ ಉಳಿಯುವುದು ಹೊಟ್ಟು ತಾನೇ ಎಂದು ಅಮ್ಮ ಗೊಳ್ಳನೆ ನಗುತ್ತಿದ್ದಳು. ನಗುವುದಕ್ಕೆ ದನಿ ಇದ್ದಾಗಿನ ಮಾತು ಅದು.

ಈ ವರ್ಷ ಅಮ್ಮನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆಸ್ಪತ್ರೆಯ ಮಾತಿನ ಟೀಚರು ಒಂದು ಯಂತ್ರ ಕೊಟ್ಟರು. ಬೆರಳಲ್ಲಿ ಒತ್ತಿ ಬರೆದದ್ದನ್ನು ಅದು ಗಟ್ಟಿಯಾಗಿ ಓದುತ್ತದೆ, ಆದರೆ ಯಾರದೋ ದನಿಯಲ್ಲಿ. ರೈಲು ತಡವಾಗಿ ಬರಲಿದೆ ಎಂದು ಸಾರುವ ಹುಡುಗಿಯ ಹಾಗೆ ಅದು ‘ನನಗೆ ನೀರು ಬೇಕು’ ಅಂದಾಗ ಅಮ್ಮ ಅದಕ್ಕೆ ಟವೆಲ್ ಹೊದಿಸಿ ಆಚೆ ತಳ್ಳಿದಳು. ಆಮೇಲೆ ಸ್ಲೇಟೇ ಗತಿ. ಅದಕ್ಕೂ ಬೇಸರವಾದರೆ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾಳೆ. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. ಟೀಚರು ಇನ್ನೊಂದು ಮಾತನ್ನೂ ಹೇಳಿದ್ದರು. ಅಮ್ಮನ ಹಳೆಯ ದನಿ ಎಲ್ಲಾದರೂ ಮುದ್ರಣವಾಗಿದ್ದರೆ, ಒಂದೇ ಒಂದು ತುಂಬು ವಾಕ್ಯ ಸಿಕ್ಕಿದರೂ ಸಾಕು, ಯಂತ್ರಕ್ಕೆ ಆ ದನಿಯನ್ನೇ ಕೂರಿಸಬಹುದಂತೆ. ಪಿಸುಮಾತು ಮಾತ್ರ ಆಗದಂತೆ, ಯಾಕೆಂದರೆ ಪಿಸುಗುಟ್ಟುವಾಗ ಬರುವುದು ಬರೀ ಗಾಳಿ.

ಇದೇನು ಮಹಾ ಕೆಲಸ, ಫೋನಿನ ತುಂಬ ವಿಡಿಯೊಗಳಿವೆಯಲ್ಲ ಅಂದುಕೊಂಡೆ. ಒಂದೊಂದೇ ತೆರೆದೆ. ನನ್ನ ಮಗಳು ಪದ್ಯ ಹೇಳುವ ವಿಡಿಯೊ: ಪಕ್ಕದಿಂದ ಅಮ್ಮ ಮುಂದಿನ ಸಾಲನ್ನು ಪಿಸುಗುಟ್ಟುತ್ತಿದ್ದಾಳೆ. ಮಗಳು ಸೈಕಲ್ ಕಲಿಯುವ ವಿಡಿಯೊ: ‘ಮುಂದೆ ನೋಡು, ಮುಂದೆ ನೋಡು’ ಎಂದು ಪಿಸುಮಾತು. ನನ್ನ ಮದುವೆಯಲ್ಲಿ ಕ್ಯಾಮೆರಾದವನು ಎರಡು ಮಾತು ಹೇಳಿ ಅಂದಾಗ ಅದನ್ನೂ ನನ್ನ ಕಿವಿಯಲ್ಲೇ ಹೇಳಿದ್ದಾಳೆ. ಕ್ಯಾಮೆರಾ ಕಂಡರೆ ಸಾಕು, ಅವಳ ದನಿ ಒಳಗೆ ಸೇರಿಕೊಳ್ಳುತ್ತಿತ್ತು.

ಅದು ಅವಳ ವೃತ್ತಿ ಕಲಿಸಿದ ಚಾಳಿ. ಅಮ್ಮ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವಳು. ಪಕ್ಕದ ಪರದೆಯ ಮರೆಯಲ್ಲಿ ನಿಂತು, ನಟರು ತಡವರಿಸಿದ ಕಡೆ ಮಾತು ಎತ್ತಿಕೊಡುವುದು ಅವಳ ಕೆಲಸ. ನಟನಿಗೆ ಕೇಳಬೇಕು, ಮುಂದಿನ ಸಾಲಿನವರಿಗೆ ಕೇಳಬಾರದು. ಬಣ್ಣ ಹಚ್ಚಲಿಲ್ಲ, ಚಪ್ಪಾಳೆ ಗಿಟ್ಟಿಸಲಿಲ್ಲ, ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಮನೆಗೆ ಬಂದರೆ ಮಾತ್ರ ಕಂಚಿನ ಕಂಠ. ‘ಒಂದ್ ಕಡೆ ಕೂತ್ಕೊಳ್ಳೆ ಮಹರಾಯ್ತಿ, ಎಷ್ಟು ಸಲ ಹೇಳ್ಲಿ’ ಎಂದು ಅವಳು ಅಡುಗೆಮನೆಯಿಂದ ಕೂಗಿದರೆ ಪಕ್ಕದ ಮನೆಯವರೂ ಕೂತುಬಿಡುತ್ತಿದ್ದರು.

ನಿದ್ದೆಗೆಟ್ಟು ಯೋಚಿಸುವಾಗ ನಮ್ಮ ಮನೆಯ ಒಂದು ಹಳೆಯ ಕತೆ ನೆನಪಾಯಿತು. ಒಂದು ಪ್ರದರ್ಶನದಲ್ಲಿ ರಾಜನ ಪಾತ್ರದವನು ಮಾತು ಪೂರ್ತಿ ಮರೆತು ನಿಂತುಬಿಟ್ಟನಂತೆ, ಅಮ್ಮ ಗಟ್ಟಿಯಾಗಿಯೇ ಎತ್ತಿಕೊಡಬೇಕಾಯಿತಂತೆ. ಏನಂದೆ ಎಂದು ಕೇಳಿದರೆ ಅವಳು ಬಾಯಿಬಿಡುತ್ತಿರಲಿಲ್ಲ. ಆ ಕಂಪನಿ ಬಾಗಿಲು ಹಾಕಿದಾಗ ಅದರ ಟೇಪುಗಳೆಲ್ಲ ಬಂದು ಸೇರಿದ್ದು ನಮ್ಮ ವಿಭಾಗಕ್ಕೇ. ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ನನ್ನ ಪಾಡು.

ಮರುದಿನ ಬೆಳಿಗ್ಗೆ ಬ್ಯಾಗು ಕೂಡ ಕೆಳಗಿಡದೆ ಆ ಪ್ರದರ್ಶನದ ಪ್ರತಿ ಹಾಕಿ ಕೇಳಿದೆ. ಶತ್ರು ಕೋಟೆಯ ಹೊರಗಿದ್ದಾನೆ, ಮಂತ್ರಿ ಅಪ್ಪಣೆ ಕೇಳುತ್ತಾನೆ. ರಾಜ ಸುಮ್ಮನಿದ್ದಾನೆ. ಮಂತ್ರಿ ಮತ್ತೆ ಕೇಳುತ್ತಾನೆ, ರಾಜ ಮತ್ತೂ ಸುಮ್ಮನೆ. ಒಂದು ಸಣ್ಣ ಸದ್ದೂ ಇಲ್ಲದ ಮೌನ. ಆಮೇಲೆ ಯಾವ ಕಾರಣವೂ ಇಲ್ಲದೆ ಇಡೀ ಸಭೆ ಹೋ ಎಂದು ನಗುತ್ತದೆ. ಅಮ್ಮನ ದನಿ ಇರಬೇಕಾದ ಜಾಗ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಇತ್ತು. ಪರದೆಯ ಹಿಂದಿನ ಮಾತು ಗದ್ದಲ, ಅದನ್ನು ತೆಗೆಯಬೇಕು ಎಂಬುದು ನಮ್ಮ ವಿಭಾಗದ ನಿಯಮ. ಈ ಪ್ರತಿ ಮಾಡಿದವರು ನನಗೆ ಕೆಲಸ ಕಲಿಸಿದ ಹಿರಿಯರು. ಅವರ ಮೇಲೆ ರೇಗಲೂ ಆಗಲಿಲ್ಲ, ನನ್ನ ಕೈಗೆ ಬಂದಿದ್ದರೆ ನಾನೂ ಅದನ್ನೇ ತೆಗೆಯುತ್ತಿದ್ದೆ.

ಇನ್ನು ಉಳಿದದ್ದು ಮೂಲ ಟೇಪು. ಅದು ಕೆಳಗಿನ ತಂಪು ಕೋಣೆಯಲ್ಲಿದೆ. ಹಳೆಯ ಟೇಪಿನ ಅಂಟು ಬಿಟ್ಟಿರುತ್ತದೆ, ಹದವಾಗಿ ಬಿಸಿ ಮಾಡಿ ಓಡಿಸಬೇಕು, ಹಾಗೆ ಓಡಿಸಿದಾಗಲೂ ದನಿ ಹಿಡಿದಿರುವ ಲೇಪವೇ ಕಿತ್ತುಬರುವ ಭಯ ಇದ್ದೇ ಇದೆ. ಪ್ರತಿ ಇರುವ ಟೇಪನ್ನು ಮತ್ತೆ ಮುಟ್ಟಕೂಡದು ಎಂದು ನಮ್ಮ ವಿಭಾಗದ ಮೇಡಂ ಖಡಾಖಂಡಿತವಾಗಿ ಹೇಳಿದರು. ಮನೆಯ ಕೆಲಸಕ್ಕೆ ಸಾರ್ವಜನಿಕರ ಸ್ವತ್ತು ಬಳಸಬಾರದು ಅಂತಲೂ ಸೇರಿಸಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಬೋನಿಗೆ ಬಿದ್ದ ಬೆಕ್ಕಿನ ಹಾಗೆ ಸುತ್ತಿದೆ. ಆಮೇಲೆ ವಾಪಸು ಹೋಗಿ, ಏನೂ ಹೇಳದೆ ಹೆಡ್‌ಫೋನ್ ಅವರ ಕಿವಿಗಿಟ್ಟೆ.

ಮೇಡಂ ಮೌನ ಕೇಳಿದರು, ನಗು ಕೇಳಿದರು. ಹುಬ್ಬು ಗಂಟಾಯಿತು.

“ಯಾಕೆ ನಗ್ತಾರೆ?” ಅಂದರು.

“ಅದನ್ನೇ ನಾವು ತೆಗೆದುಬಿಟ್ಟಿದೀವಿ ಮೇಡಂ.”

ಮೇಡಂ ಹಣೆ ಒತ್ತಿಕೊಂಡರು. ನಮ್ಮಲ್ಲೇ ಕೂತು ಈ ಪ್ರತಿ ಕೇಳಿದ ಸಂಶೋಧಕರೊಬ್ಬರು ಈ ರಾಜನ ಮೌನದ ಹಾಸ್ಯಶಕ್ತಿಯ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದರು, ಮೇಡಂ ಅದನ್ನು ಮೆಚ್ಚಿಕೊಂಡೂ ಇದ್ದರು. ಕಾರಣವಿಲ್ಲದ ನಗುವನ್ನು ಕಪಾಟಿನಲ್ಲಿಟ್ಟುಕೊಂಡು ಅವರಿಗೆ ನಿದ್ದೆ ಬರುವ ಹಾಗಿರಲಿಲ್ಲ. ಒಂದೇ ಸಲ ಓಡಿಸುವುದು, ತಾವೂ ಜೊತೆಗಿರುವುದು ಎಂದು ಒಪ್ಪಿದರು.

ಸಂಜೆ ಮನೆಗೆ ಓಡಿಬಂದು ಅಮ್ಮನಿಗೆ ಹೇಳಿದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮೇಜನ್ನು ಎರಡು ಸಲ ಕುಟ್ಟಿದಳು. ಯಾಕೆ ಅಂದರೆ ಮತ್ತೆ ಎರಡು ಸಲ. ಸ್ಲೇಟು ಮುಂದೆ ಹಿಡಿದೆ. ‘ಪ್ರಾಂಪ್ಟರ್ ದನಿ ಕೇಳಿಸಿದರೆ ಸೋತ ಹಾಗೆ’ ಎಂದು ಬರೆದಳು. ಅದರ ಕೆಳಗೆ, ‘ಅದು ಒಳ್ಳೆಯ ಮಾತೂ ಅಲ್ಲ.’

ನನಗೆ ಸಿಟ್ಟು ಬಂತು. ಊರವರಿಗೆಲ್ಲ ಮಾತು ಎತ್ತಿಕೊಟ್ಟವಳು ಸ್ವಂತ ಮಗಳ ಹತ್ತಿರ ಹೀಗೆ ಬಿಗಿಮುಷ್ಟಿ ಹಿಡಿಯುವುದೆ? ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಯಂತ್ರದ ಮೇಲಿನ ಟವೆಲ್ ಕಿತ್ತೆಸೆದೆ, ಅದನ್ನೇ ಮತ್ತೆ ಎತ್ತಿ ಮಡಿಸಿದೆ. ಕಿಟಕಿಯವರೆಗೆ ಹೋಗಿ ಬಂದೆ. ಅಮ್ಮ ಅಲುಗಾಡದೆ ಕೂತೇ ಇದ್ದಳು. ಕೊನೆಗೆ ಒಳಗಿದ್ದದ್ದು ಹೊರಬಂತು.

“ನಿನ್ನ ದನಿ ನಂಗೆ ಮರ್ತು ಹೋಗ್ತಾ ಇದೆ ಅಮ್ಮ. ನೀನು ಬೈದಿದ್ದೆಲ್ಲ ನೆನಪಿದೆ, ಆದ್ರೆ ಈಗ ಅದು ನನ್ನ ದನೀಲೇ ಕೇಳ್ಸತ್ತೆ.”

ಅಮ್ಮ ಸ್ಲೇಟಿನ ಮೇಲೆ ಬರೆದದ್ದನ್ನು ಸೆರಗಿನಿಂದ ಅಳಿಸಿದಳು. ಆಮೇಲೆ ಒಂದು ಸಲ ಕುಟ್ಟಿದಳು.

ಟೇಪು ಓಡಿಸುವ ದಿನ ಅಮ್ಮ ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಬಂದಳು. ಧ್ವನಿ ಕೊಠಡಿಯಲ್ಲಿ ಅವಳು, ಮೇಡಂ, ನಾನು. ಟೇಪು ಹೊರಟಿತು. ಮಂತ್ರಿ ಅಪ್ಪಣೆ ಕೇಳಿದ. ಮೌನದ ಅಡಿಯಲ್ಲಿ ಇಲಿ ಕಾಗದ ಕೆರೆದಷ್ಟು ಸಣ್ಣಗೆ ‘ಕೋಟೆ ಬಾಗಿಲು ತೆರೆಯಿರಿ’ ಎಂಬ ಪಿಸುಮಾತು. ಮತ್ತೆ ಅದೇ, ಇನ್ನೂ ಅವಸರದಲ್ಲಿ. ಮಂತ್ರಿ ಎರಡನೇ ಸಲ ಕೇಳಿದ. ಟೇಪಿನ ಅಂಚು ಗಾಲಿಗೆ ಅಂಟಿ ಕಿರ್ ಎಂದಿತು. ಮೇಡಂ ನಿಲ್ಲಿಸಲು ಕೈ ಚಾಚಿದರು, ಚಾಚಿದ ಕೈ ಅರ್ಧಕ್ಕೇ ನಿಂತಿತು. ಆಗ ಅಡುಗೆಮನೆಯ ಆ ಕಂಚಿನ ಕಂಠ ಕೊಠಡಿಯನ್ನೆಲ್ಲ ತುಂಬಿತು.

“ಬಾಗಿಲು ತೆಗೀರಿ ಅನ್ನೋ ಮಹರಾಯ, ಎಷ್ಟು ಸಲ ಹೇಳ್ಲಿ!”

ಸಭೆ ನಕ್ಕಿತು. ಕಿರೀಟ ಇಟ್ಟುಕೊಂಡವನನ್ನು ಮರೆಯಿಂದ ಯಾರೋ ಮಹರಾಯ ಎಂದು ಗದರಿದರೆ ಯಾರು ತಾನೇ ನಗುವುದಿಲ್ಲ? ಮೇಡಂ ಕೂಡ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು, ನಗುತ್ತಲೇ ಆ ಅಧ್ಯಾಯದ ಗತಿ ಏನು ಎಂದು ಗೊಣಗಿದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನನಗೆ ಮಾತ್ರ ನಗು ಬರಲಿಲ್ಲ. ಇದೇ, ಇದೇ ದನಿ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಆ ವಾಕ್ಯವನ್ನು ಟೀಚರಿಗೆ ಒಪ್ಪಿಸಿದೆ. ಅವರು ದನಿ ಕೂರಿಸಿ ಯಂತ್ರವನ್ನು ವಾಪಸು ಕೊಡುವವರೆಗೆ ನಾನು ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿರಲು ಬಿಡಲಿಲ್ಲ. ಯಂತ್ರ ಬಂದ ಮಧ್ಯಾಹ್ನ ಅದನ್ನು ಅಮ್ಮನ ಮುಂದಿಟ್ಟೆ. ಏನೇನು ಮಾತಾಡಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಅವಳೆದುರು ನಿಂತಾಗ ಒಂದೂ ನೆನಪಾಗಲಿಲ್ಲ. ಚಕ್ರದ ಕಾಲು ಕೂಡ ಅಲುಗಲಿಲ್ಲ.

ಅಮ್ಮ ಯಂತ್ರ ಮುಟ್ಟಲಿಲ್ಲ. ನನ್ನನ್ನೇ ನೋಡುತ್ತ ತುಟಿ ಆಡಿಸಿದಳು. ದನಿಯೂ ಇಲ್ಲ, ಗಾಳಿಯೂ ಇಲ್ಲ. ಎರಡು ತುಟಿ ಕೂಡಿ ಬಿಟ್ಟವು, ಅಷ್ಟೆ. ನಾನು ಸುಮ್ಮನೆ ನಿಂತೇ ಇದ್ದೆ. ಇನ್ನೊಂದು ಸಲ ತುಟಿ ಆಡಿಸಿದಳು. ಆಮೇಲೆ ತಾಳ್ಮೆಗೆಟ್ಟು ಯಂತ್ರವನ್ನು ಎಳೆದುಕೊಂಡು ಟಕಟಕ ಒತ್ತಿದಳು.

“ಅಮ್ಮ ಅನ್ನೆ ಮಹರಾಯ್ತಿ,” ಎಂದಿತು ಅಮ್ಮನ ದನಿ, “ಎಷ್ಟು ಸಲ ಹೇಳ್ಲಿ.”

“ಅಮ್ಮ,” ಅಂದೆ. ಅಂದು, ಅವಳ ಪಕ್ಕದಲ್ಲಿ ಕೂತೆ.