ಬೆಣ್ಣಿಹಳ್ಳದ ಇಂಗ್ಲಿಷ್ ಅರ್ಥ

ಅಂದು ನಮ್ಮೂರಲ್ಲಿ ಹನಿ ಮಳೆ ಇರಲಿಲ್ಲ. ಅಂಗಳದಲ್ಲಿ ಹೆಸರುಕಾಯಿ ಒಣಗುತ್ತಿದ್ದವು. ಬೆಣ್ಣಿಹಳ್ಳ ಬರುವುದೇ ಹಾಗೆ. ಮಳೆ ಹುಬ್ಬಳ್ಳಿ ಕಡೆ ಆಗುತ್ತದೆ, ನೀರು ನಮ್ಮ ಹೊಲಕ್ಕೆ ಬರುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದ ನನ್ನ ಮಾವ ಗೋಣೆಪ್ಪ, ಹನ್ನೊಂದರ ಹೊತ್ತಿಗೆ ಹೊಲದೊಳಗಿನ ಹನುಮಪ್ಪನ ಗುಡಿಯ ಮಾಳಿಗೆ ಹತ್ತಿ ಕೂತಿದ್ದರು.

"ಸುತ್ತೂ ನೀರ ಐತಿ. ಗಾಬರಿ ಆಗಬ್ಯಾಡ್ರಿ" ಎಂದು ಫೋನಿನಲ್ಲಿ ಹೇಳಿದರು. ಗಾಬರಿಯಾಗದೆ ಇನ್ನೇನು ಮಾಡುವುದು? ಅರ್ಧ ತಾಸಿನಲ್ಲಿ ಅವರ ಫೋನೂ ಬಂದ್ ಆಯಿತು. ನನ್ನ ಗಂಡ ಕಲ್ಲೇಶ ಗಜೇಂದ್ರಗಡದಲ್ಲಿದ್ದ, ರಸ್ತೆ ಮುಳುಗಿತ್ತು. ಮನೆಯಲ್ಲಿ ನಾನು ಮತ್ತು ಅತ್ತೆ ಸಕ್ಕೂಬಾಯಿ ಇಬ್ಬರೇ.

ನೆರೆ ಸಹಾಯದ ನಂಬರಿಗೆ ಫೋನು ಹಚ್ಚಿದೆ. ಆ ಕಡೆಯ ಅಧಿಕಾರಿ ಹೊಸಬರು, ಬೇರೆ ಸೀಮೆಯವರು. ಯಾವ ನೀರು ಎಂದು ಕೇಳಿದರು.

"ಬೆಣ್ಣಿಹಳ್ಳ ಸರ್."

"ಹಳ್ಳದ ಹೆಸರ ತಗೀಬ್ಯಾಡವಾ" ಎಂದು ಅತ್ತೆ ನನ್ನ ಕೈ ಹಿಡಿದರು. "ಬಂದಾಗ ಗಂಗವ್ವ ಅನ್ನಬೇಕು."

ಅತ್ತೆ ಬಾಯಿಬಿಟ್ಟು ಹೆಸರು ಹೇಳದವು ಎರಡು. ಒಂದು, ತುಂಬಿ ಬಂದ ಹಳ್ಳದ್ದು. ಇನ್ನೊಂದು, ಮಾವನದು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ನನ್ನ ಮುಖ ನೋಡುವ ಹೆಂಗಸು ಅವರು.

ಅಧಿಕಾರಿ ಯಾವುದೋ ಹಾಳೆ ತಿರುವಿದ ಸಪ್ಪಳ ಕೇಳಿತು. "ಇರೋದು ಎರಡೇ ದೋಣಿ ಮೇಡಂ. ಎರಡೂ ಮಲಪ್ರಭೆ ಹತ್ತಿರ ಇವೆ. ನೀವು ಹೇಳೋದು ನಮ್ಮ ಪಟ್ಟಿಯಲ್ಲಿ 'ಬಟರ್ ಸ್ಟ್ರೀಮ್' ಅಂತಿದೆ. ಸಣ್ಣ ತೊರೆ, ವರ್ಷಕ್ಕೆ ಎಂಟು ತಿಂಗಳು ಒಣಗಿರುತ್ತೆ ಅಂತ ಬರೆದಿದ್ದಾರೆ. ನೀರು ತಾನೇ ಇಳಿಯುತ್ತೆ, ಕಾಯಿರಿ."

ಆ ಪಟ್ಟಿ ಬರೆದವಳು ನಾನೇ.

ರೋಣದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೊರಗಿನಿಂದ ಬರುವ ರಕ್ಷಣಾ ತಂಡದವರಿಗೆಂದು ಹೊಳೆ-ಹಳ್ಳಗಳ ಹೆಸರು, ಅರ್ಥ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಹೋದ ವರ್ಷ ತಾಲ್ಲೂಕು ಕಚೇರಿಯವರು ಕೇಳಿದ್ದರು. ನನಗೋ ಜಂಬ. ಮಲಪ್ರಭೆಗೆ ರಿವರ್ ಎಂದೆ. ಹಳ್ಳಕ್ಕೆ ಡಿಕ್ಷನರಿಯಲ್ಲಿ ಸ್ಟ್ರೀಮ್ ಎಂದಿತ್ತು, ಬೆಣ್ಣೆಗೆ ಬಟರ್ ಗೊತ್ತೇ ಇತ್ತು. ಬೇಸಗೆಯಲ್ಲಿ ಮಕ್ಕಳು ಅದರ ನಡುವೆ ಕ್ರಿಕೆಟ್ ಆಡುವುದನ್ನು ನೋಡಿ ಒಣಗಿರುತ್ತದೆ ಎಂಬ ಆ ಕೊನೆಯ ಮಾತೂ ಸೇರಿಸಿದೆ. ಅದು ಬಂದಾಗ ಎಮ್ಮೆಗಳು ತೇಲಿ ಹೋಗುವುದನ್ನು ಕಂಡವಳು ಅದನ್ನು ಮಾತ್ರ ಬರೆಯಲಿಲ್ಲ. ಇಂಗ್ಲಿಷ್ ಚಂದ ಕಂಡರೆ ಸಾಕಿತ್ತು ನನಗೆ.

ಯಾರೋ ತಪ್ಪು ಬರೆದಿದ್ದಾರೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಸರ್, ಆ ಪಟ್ಟಿ ಬರೆದಾಕಿ ನಾನ. ತಪ್ಪ ಬರ್ದೀನ್ರಿ" ಎಂದೆ. "ನಿಮ್ಮ ಇಂಗ್ಲಿಷಿನ್ಯಾಗ ಅದಕ್ಕ ಹೆಸರಿಲ್ಲ. ಈಗ ಅದು ಅರ್ಧ ಮೈಲು ಅಗಲ ಐತ್ರಿ. ನಮ್ಮ ಮಾವಾರ ಅದರ ನಡುವ ಕುಂತಾರ. ದೋಣಿ ಕಳಸ್ರಿ."

ಅಧಿಕಾರಿ ಊರು, ಗುಡಿ ಎಲ್ಲ ಕೇಳಿ ಬರೆದುಕೊಂಡರು. ನಂತರ, "ಒಂದು ದೋಣಿ ಕಳಿಸ್ತೀನಿ" ಎಂದರು.

ದೋಣಿ ಬರಲು ಎರಡು ತಾಸು ಹಿಡಿಯಿತು. ಆ ಎರಡು ತಾಸು ನಾನು ಹಳ್ಳದ ದಂಡೆಯಲ್ಲಿ ಹೇಗೆ ನಿಂತಿದ್ದೆನೋ ನನಗೇ ಗೊತ್ತಿಲ್ಲ. ನೀರು ಮೊದಲು ಜಾಲಿಗಿಡಗಳ ಬುಡದಲ್ಲಿತ್ತು, ಆಮೇಲೆ ಟೊಂಗೆಗಳಿಗೆ ಬಂತು. ಆ ಗಿಡಗಳ ಹಿಂದೆ ಗುಡಿ ಕಾಣುತ್ತಿರಲಿಲ್ಲ. ಊರ ಮಂದಿ ದಂಡೆಗೆ ನಿಂತು "ಕಾಕಾ", "ಗೌಡ್ರ" ಎಂದು ಕೂಗಿ ಕೂಗಿ ದಣಿದರು. ಉತ್ತರ ಬರಲಿಲ್ಲ. ಗಂಗವ್ವ ಇಳಿಯಲೆಂದು ಅತ್ತೆ ಹಸಿರು ಕುಪ್ಪಸದ ಖಣ, ಬಳೆ, ಅರಿಸಿನ ತಂದು ನೀರಿಗೆ ಬಿಟ್ಟು ಉಡಿ ತುಂಬಿದರು. ಅದೂ ಸುಳಿಗೆ ಸಿಕ್ಕಿ ಹೋಯಿತು.

ದೋಣಿಯವರ ಮುಖ್ಯಸ್ಥ ಹಿಂದಿಯಲ್ಲಿ ಹೇಳಿದ್ದನ್ನು ನಾನು ಅತ್ತೆಗೆ ಹೇಳಿದೆ. "ಯಾವ ಕಡೆ ಅಂತ ಗೊತ್ತಾಗವಲ್ದಂತ್ರಿ. ಜಾಲಿ ಮುಳ್ಳಿಗೆ ಸಿಕ್ಕರ ರಬ್ಬರ್ ದೋಣಿ ಹರೀತದಂತ. ಮಾವಾರ ದನಿ ಒಂದು ಬಂದರ ಸಾಕಂತ."

ಅತ್ತೆ ನೀರಿನೊಳಗೆ ಮೊಳಕಾಲುಮಟ ಇಳಿದರು. ಸೆರಗು ಬಿಗಿದುಕೊಂಡರು. ನಲವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ, ಊರೆಲ್ಲ ಕೇಳುವಂತೆ ಕೂಗಿದರು.

"ಗೋಣೆಪ್ಪಾ."

ದಂಡೆಯ ಮೇಲಿನ ಮಂದಿಯೆಲ್ಲ ಅತ್ತೆಯ ಕಡೆ ತಿರುಗಿ ನೋಡಿದರು. ಅತ್ತೆ ಇನ್ನೊಮ್ಮೆ ಕೂಗಿದರು.

ಜಾಲಿಗಿಡಗಳ ಎಡಕ್ಕೆ, ನಾವು ಅಂದುಕೊಂಡ ಕಡೆಗಿಂತ ಬಹಳ ಕೆಳಗೆ, ಸಣ್ಣ ದನಿಯೊಂದು ಕೇಳಿತು. "ಯಾರದು ನನ್ನ ಹೆಸರ ಹಿಡದ ಕರಿಯಾಕಿ?"

ದೋಣಿ ಆ ಕಡೆ ತಿರುಗಿತು. ಗುಡಿಯ ಗೋಡೆ ಕುಸಿದು, ನೀರಿನಲ್ಲಿ ಕೊಚ್ಚಿ ಬಂದ ಮಾವ ಬೇವಿನ ಟೊಂಗೆ ಹಿಡಿದು ಕೂತಿದ್ದರಂತೆ. ದಂಡೆಗೆ ಬಂದಾಗ ಮಾತಾಡುವ ಶಕ್ತಿ ಅವರಿಗಿರಲಿಲ್ಲ, ಆದರೂ ಅತ್ತೆಯನ್ನು ನೋಡಿ ಕೇಳಿಯೇ ಕೇಳಿದರು. "ನೀನ ಕರದ್ಯಾ?"

"ನಾ ಯಾಕ ಕರೀಲಿ" ಎಂದು ಅತ್ತೆ ಸೆರಗಿನಿಂದ ಅವರ ತಲೆ ಒರೆಸತೊಡಗಿದರು. ನಾನು ಅಳು ತಡೆಯಲಿಲ್ಲ.

ಮರುವಾರ ಪಟ್ಟಿ ತರಿಸಿಕೊಂಡು ನನ್ನ ಇಂಗ್ಲಿಷಿನ ಮೇಲೆ ಗೆರೆ ಎಳೆದೆ. ಹೆಸರಿನ ಕಡೆ ಬೆಣ್ಣಿಹಳ್ಳ ಎಂದಷ್ಟೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಅರ್ಥದ ಕಡೆ ಒಂದೇ ಸಾಲು ಬರೆದೆ: ಹಳ್ಳ ಬಂತೆಂದು ಫೋನ್ ಬಂದರೆ ಏನೂ ಕೇಳದೆ ದೋಣಿ ಕಳಿಸಿ.